ಜೋರ್ಕ್ ಕೋಡ್ ಬಿಡುಗಡೆ: ಟೆಕ್ಸ್ಟ್ ಗೇಮ್ ಅಂದ್ರೆ ಆಟಗಾರರು ಯಾಕೆ ಎರಡು ಪಾಲಾಗುತ್ತಾರೆ?

2025ರ ನವೆಂಬರ್ 20ರಂದು ಮೈಕ್ರೋಸಾಫ್ಟ್ ಮೂರು ಹಳೇ ಆಟಗಳ ಮೂಲ ಕೋಡ್‌ಗೆ ಎಂಐಟಿ ಲೈಸೆನ್ಸ್ ಎಂಬ ಮುಕ್ತ ಪರವಾನಗಿ ಹಾಕಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಜೋರ್ಕ್ 1, ಜೋರ್ಕ್ 2, ಜೋರ್ಕ್ 3. ಸುದ್ದಿ ಓದಿದವರಿಗೆ ಎರಡು ಗೊಂದಲ. ಮೊದಲನೆಯದು, ಈ ಆಟಗಳು 1997ರಲ್ಲೇ ಪುಕ್ಕಟೆ ಸಿಕ್ಕಿದ್ದವು, ಕೋಡ್ ಕೂಡ 2019ರಿಂದ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರಿಗೇ ಇತ್ತು, ಹಾಗಿದ್ದರೆ ಈಗ ಬಿಟ್ಟುಕೊಟ್ಟಿದ್ದಾದರೂ ಏನನ್ನು? ಎರಡನೆಯದು, ಕುತೂಹಲಕ್ಕೆ ಆಟ ತೆರೆದರೆ ಕಾಣೋದು ನಾಲ್ಕು ಸಾಲು ಇಂಗ್ಲಿಷ್, ಕೆಳಗೆ ಟೈಪ್ ಮಾಡೋಕೆ ಒಂದು ಸಾಲು, ಅಷ್ಟೇ. ಚಿತ್ರ ಇಲ್ಲ, ಸದ್ದಿಲ್ಲ. ಇದನ್ನೇ ಒಬ್ಬರು ಗೇಮ್ ಲೋಕದ ದೊಡ್ಡ ಸಾಧನೆ ಅನ್ನುತ್ತಾರೆ, ಇನ್ನೊಬ್ಬರು ಹತ್ತು ನಿಮಿಷಕ್ಕೆ ಮುಚ್ಚಿ ಎದ್ದು ಹೋಗುತ್ತಾರೆ. ಇಬ್ಬರೂ ಆಡಿದ್ದು ಒಂದೇ ಆಟ ಅಲ್ವಾ?

ಎರಡನೇ ಪ್ರಶ್ನೆ ಬಿಡಿಸಿಕೊಂಡರೆ ಮೊದಲನೆಯದೂ ತಿಳಿಯಾಗುತ್ತದೆ. ಅದಕ್ಕೆ ಜೋರ್ಕ್ ಒಂದೇ ಸಾಲದು. ಇದೇ ಬಗೆಯ ಇನ್ನೆರಡು ಆಟಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಆಟಗಾರನನ್ನು ಇತಿಹಾಸಕ್ಕೂ ಹಿಂದಿನ ಕಾಲಕ್ಕೆ ಕರೆದೊಯ್ಯುತ್ತವೆ, ಆದರೆ ಆಟಗಾರರು ಒಂದನ್ನು ಬೈದರು, ಇನ್ನೊಂದಕ್ಕೆ ಬಹುಮಾನ ಕೊಟ್ಟರು.

ಇದು ಎಂಥ ಆಟ?

ಟೆಕ್ಸ್ಟ್ ಅಡ್ವೆಂಚರ್ ಅಂದರೆ ಓದಿ, ಟೈಪ್ ಮಾಡಿ ಆಡುವ ಆಟ. ಜೋರ್ಕ್ 1 ಶುರುವಾಗುವುದು ಒಂದು ಬಿಳಿ ಮನೆಯ ಪಶ್ಚಿಮಕ್ಕಿರುವ ಬಯಲಿನಲ್ಲಿ. ಮನೆಯ ಮುಂಬಾಗಿಲಿಗೆ ಹಲಗೆ ಹೊಡೆದಿದೆ, ಪಕ್ಕದಲ್ಲಿ ಒಂದು ಅಂಚೆ ಪೆಟ್ಟಿಗೆ ಇದೆ. ಇಷ್ಟು ಹೇಳಿ ಆಟ ಸುಮ್ಮನಾಗುತ್ತದೆ. ಈಗ ನೀವು ಹೇಳಬೇಕು, ಏನು ಮಾಡ್ತೀರಿ ಅಂತ. "ಓಪನ್ ಮೇಲ್‌ಬಾಕ್ಸ್" ಅಂತ ಟೈಪ್ ಮಾಡಿದರೆ ಪೆಟ್ಟಿಗೆ ತೆರೆದು ಒಳಗೊಂದು ಕರಪತ್ರ ಇದೆ ಅನ್ನುತ್ತದೆ. "ನಾರ್ತ್" ಅಂದರೆ ಉತ್ತರಕ್ಕೆ ನಡೆಯುತ್ತೀರಿ. ದೀಪ ಇಲ್ಲದೆ ನೆಲಮಾಳಿಗೆಯಲ್ಲಿ ಓಡಾಡಿದರೆ ಕತ್ತಲೆಯಲ್ಲಿ ಕಾದು ಕೂತ ಗ್ರೂ ಎಂಬ ಪ್ರಾಣಿ ತಿಂದು ಹಾಕುತ್ತದೆ.

ಇದನ್ನು ಮೊದಲು ಬರೆದವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಾಲ್ವರು: ಟಿಮ್ ಆಂಡರ್ಸನ್, ಮಾರ್ಕ್ ಬ್ಲಾಂಕ್, ಬ್ರೂಸ್ ಡೇನಿಯಲ್ಸ್, ಡೇವ್ ಲೆಬ್ಲಿಂಗ್. ಅದು 1977ರಿಂದ 79ರ ನಡುವೆ, ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರ್ ಮೇಲೆ. ಆ ಆಟ ಮನೆಯ ಪುಟ್ಟ ಕಂಪ್ಯೂಟರ್‌ನಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಲಿಲ್ಲ. 1979ರಲ್ಲಿ ಹುಟ್ಟಿದ ಇನ್ಫೋಕಾಮ್ ಕಂಪನಿ ಅದನ್ನು ಮೂರು ತುಂಡು ಮಾಡಿ, ಹೊಸ ಭಾಗಗಳನ್ನು ಸೇರಿಸಿ, 1980ರಿಂದ 82ರ ಒಳಗೆ ಮಾರಿತು. ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಆಟವನ್ನು ಪ್ರತಿ ಸಲ ಹೊಸದಾಗಿ ಬರೆಯುವ ಬದಲು ಝಡ್-ಮಷೀನ್ ಎಂಬ ಕಾಲ್ಪನಿಕ ಯಂತ್ರವನ್ನು ರೂಪಿಸಿತು. ಆಟ ಆ ಯಂತ್ರಕ್ಕೆ ಬರೆದದ್ದು. ಆ ಯಂತ್ರವನ್ನು ನಕಲು ಮಾಡುವ ಒಂದು ಚಿಕ್ಕ ಪ್ರೋಗ್ರಾಂ ಎಲ್ಲಿ ಇದೆಯೋ ಅಲ್ಲೆಲ್ಲ ಆಟ ಓಡುತ್ತದೆ. ಇವತ್ತು ಮೊಬೈಲ್‌ನಲ್ಲೂ ಜೋರ್ಕ್ ಆಡಬಹುದಾದರೆ ಆವತ್ತಿನ ಆ ತೀರ್ಮಾನವೇ ಕಾರಣ.

ಮೂರು ಸಲ ಬಿಡುಗಡೆ, ಮೂರೂ ಬೇರೆ ಬೇರೆ

ಇನ್ಫೋಕಾಮ್ ಅನ್ನು 1986ರಲ್ಲಿ ಆಕ್ಟಿವಿಷನ್ ಎಂಬ ಗೇಮ್ ಕಂಪನಿ ಕೊಂಡಿತು, 1989ರಲ್ಲಿ ಮುಚ್ಚಿತು. ಹಕ್ಕುಗಳು ಮಾತ್ರ ಆಕ್ಟಿವಿಷನ್ ಹತ್ತಿರ ಉಳಿದವು. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನು 6,870 ಕೋಟಿ ಡಾಲರ್‌ಗೆ ಕೊಂಡಾಗ ಜೋರ್ಕ್ ಕೂಡ ಅದರ ಜೊತೆಗೇ ಬಂತು.

1997ರಲ್ಲಿ ಆಕ್ಟಿವಿಷನ್ ಹೊಸ ಜೋರ್ಕ್ ಆಟವೊಂದರ ಪ್ರಚಾರಕ್ಕೆ ಹಳೇ ಮೂರನ್ನೂ ಉಚಿತವಾಗಿ ಕೊಟ್ಟಿತು. ಆಗ ಕೊಟ್ಟದ್ದು ಆಟವನ್ನು ಮಾತ್ರ, ಅಂದರೆ ಆಡಬಹುದು, ಒಳಗೆ ಇಣುಕುವ ಹಾಗಿಲ್ಲ. 2019ರಲ್ಲಿ ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಇನ್ಫೋಕಾಮ್ ಆಟಗಳ ಮೂಲ ಕೋಡ್ ಅನ್ನು ಗಿಟ್‌ಹಬ್‌ಗೆ ಏರಿಸಿದರು. ಆಗ ಒಳಗೆ ಇಣುಕಲು ಸಿಕ್ಕಿತು, ಆದರೆ ಅದರ ಮೇಲೆ ಯಾವ ಲೈಸೆನ್ಸೂ ಇರಲಿಲ್ಲ. ಲೈಸೆನ್ಸ್ ಇಲ್ಲ ಅಂದರೆ ಕಾನೂನಿನ ಪ್ರಕಾರ ಹಕ್ಕು ಪೂರ್ತಿ ಮಾಲೀಕರದ್ದೇ. ಅಂಗಡಿ ಗಾಜಿನ ಹಿಂದಿರುವ ಸೀರೆಯ ಹಾಗೆ, ನೋಡಬಹುದು, ಉಡುವಂತಿಲ್ಲ. ಮೇಷ್ಟ್ರೊಬ್ಬರು ಅದನ್ನು ಪಾಠಕ್ಕೆ ಬಳಸಿದರೆ, ಯಾರಾದರೂ ತಿದ್ದಿ ಇನ್ನೊಂದು ಆಟ ಮಾಡಿದರೆ, ಮಾಲೀಕರು ಯಾವಾಗ ಬೇಕಾದರೂ ಬಂದು ನಿಲ್ಲಿಸಿ ಅನ್ನಬಹುದಿತ್ತು.

2025ರಲ್ಲಿ ಬದಲಾದದ್ದು ಇದೇ. ಎಂಐಟಿ ಲೈಸೆನ್ಸ್ ಪ್ರಕಾರ ಕೋಡ್ ಅನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು, ಬೇಕಾದರೆ ಮಾರಲೂಬಹುದು. ಮೂಲ ಲೈಸೆನ್ಸ್ ಬರಹವನ್ನು ಜೊತೆಗೆ ಇಟ್ಟರೆ ಸಾಕು. ಆದರೆ ಜೋರ್ಕ್ ಎಂಬ ಹೆಸರು, ಬ್ರ್ಯಾಂಡ್, ಹಳೇ ಪೆಟ್ಟಿಗೆಯ ಚಿತ್ರ, ಜಾಹೀರಾತು ಇವು ಯಾವುದೂ ಇದರಲ್ಲಿ ಸೇರಿಲ್ಲ. ಅಂದರೆ ಈ ಕೋಡ್ ಮೇಲೆ ನಿಮ್ಮ ಆಟ ಕಟ್ಟಬಹುದು, ಅದನ್ನು ಜೋರ್ಕ್ ಅಂತ ಕರೆದು ಮಾರುವಂತಿಲ್ಲ.

ಜಗಳದ ಬೇರು: ಆಟಕ್ಕೆ ನನ್ನ ಮಾತು ಗೊತ್ತಾ?

ಈಗ ಆಟಗಾರರ ವಿಷಯಕ್ಕೆ ಬರೋಣ. ಗ್ರಾಫಿಕ್ಸ್ ಇರುವ ಆಟದಲ್ಲಿ ಏನು ಮಾಡಬಹುದು ಅನ್ನೋದು ಕಣ್ಣಿಗೆ ಕಾಣುತ್ತದೆ, ಬಟನ್ ಇಷ್ಟೇ, ದಾರಿ ಇಷ್ಟೇ. ಟೆಕ್ಸ್ಟ್ ಗೇಮ್‌ನಲ್ಲಿ ಖಾಲಿ ಸಾಲೊಂದು ಕಾಯುತ್ತಾ ಇರುತ್ತದೆ. ಅದನ್ನು ನೋಡಿದರೆ ಏನು ಬೇಕಾದರೂ ಬರೆಯಬಹುದು ಅನ್ನಿಸುತ್ತದೆ. ನಿಜವಾಗಿ ಬರೆಯೋ ಹಾಗಿಲ್ಲ. ಒಳಗೆ ಪಾರ್ಸರ್ ಎಂಬ ಒಂದು ಭಾಗ ಇದೆ. ನೀವು ಬರೆದ ಸಾಲನ್ನು ಅದು ಪದ ಪದವಾಗಿ ಬಿಡಿಸಿ, ತನ್ನ ನಿಘಂಟಿನಲ್ಲಿ ಹುಡುಕಿ, ಸಿಕ್ಕರೆ ಕೆಲಸ ಮಾಡುತ್ತದೆ, ಸಿಗದಿದ್ದರೆ ಗೊತ್ತಿಲ್ಲ ಅನ್ನುತ್ತದೆ. ಜೋರ್ಕ್ 1ಕ್ಕೆ ಗೊತ್ತಿದ್ದದ್ದು ಆರುನೂರಕ್ಕೂ ಹೆಚ್ಚು ಪದಗಳು.

ಇಲ್ಲೇ ಆಟಗಾರರು ಎರಡು ದಾರಿ ಹಿಡಿಯುತ್ತಾರೆ. ಒಬ್ಬರಿಗೆ ಮೊದಲ ಹತ್ತು ಸಾಲಿನಲ್ಲಿ ಎಂಟು ಸಾಲು ಆಟಕ್ಕೆ ಅರ್ಥವಾದವು ಅಂದುಕೊಳ್ಳಿ. ಎದುರಿಗೆ ಯಾರೋ ಇದ್ದಾರೆ, ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಇನ್ನೊಬ್ಬರಿಗೆ ಹತ್ತರಲ್ಲಿ ಏಳು ಸಲ ಗೊತ್ತಿಲ್ಲ ಎಂಬ ಉತ್ತರ ಬಂದರೆ, ಆಟ ಕಷ್ಟ ಅನ್ನಿಸೋದಿಲ್ಲ, ದಡ್ಡ ಅನ್ನಿಸುತ್ತದೆ. ಉತ್ತರ ತಲೆಯಲ್ಲಿ ಇದೆ, ಆದರೆ ಅದನ್ನು ಯಾವ ಪದದಲ್ಲಿ ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಈ ಬಗೆಯ ಆಟಗಳ ಬಗ್ಗೆ ಅತಿ ಹಳೆಯ, ಅತಿ ಹೆಚ್ಚು ಕೇಳಿಬಂದ ದೂರು ಇದೇ. ಗಮನಿಸಿ, ಕಥೆ ಚೆನ್ನಾಗಿದೆಯಾ, ಲೋಕ ದೊಡ್ಡದಾ ಎಂಬ ಪ್ರಶ್ನೆ ಇನ್ನೂ ಬಂದೇ ಇಲ್ಲ. ಅದಕ್ಕೂ ಮೊದಲೇ ತೀರ್ಪು ಬಿದ್ದು ಹೋಯಿತು.

ಬೇಸ್‌ಬಾಲ್ ಗೊತ್ತಿಲ್ಲದವರು ಏನು ಮಾಡಬೇಕು?

ಪದ ಗೊತ್ತಿದ್ದರೂ ಇನ್ನೊಂದು ಗೋಡೆ ಇದೆ. ಜೋರ್ಕ್ 2ರಲ್ಲಿ ವಿಚಿತ್ರ ಕೋನದ ಕೋಣೆಗಳ ಒಂದು ಜಾಲ ಬರುತ್ತದೆ. ಎತ್ತ ಹೋದರೂ ಒಂದೇ ಥರದ ಕೋಣೆ. ನೆಲದಲ್ಲಿ ವಜ್ರದ ಆಕಾರದ ಒಂದು ಕಿಂಡಿ, ಬೇಸ್‌ಬಾಲ್ ಮೈದಾನದ ನಾಲ್ಕು ಬೇಸ್‌ಗಳು ಇರೋದೂ ಅದೇ ಆಕಾರದಲ್ಲಿ. ಹೊರಬರಬೇಕಾದರೆ ಬೇಸ್‌ಬಾಲ್ ಆಟಗಾರ ಒಂದು ಬೇಸ್‌ನಿಂದ ಮುಂದಿನ ಬೇಸ್‌ಗೆ ಓಡುವ ಕ್ರಮದಲ್ಲೇ ನೀವು ದಿಕ್ಕು ಹಿಡಿದು ನಡೆಯಬೇಕು. ಅಮೆರಿಕದಲ್ಲಿ ಬೆಳೆದ ಹುಡುಗನಿಗೆ ಇದು ಒಂದು ಮಜಾ. ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲಿ ಒಗಟು ಇದೆ ಎಂಬುದೇ ಗೊತ್ತಾಗೋದಿಲ್ಲ. ಆಟದೊಳಗೆ ಸುಳಿವು ಇದೆ, ಆದರೆ ಆ ಸುಳಿವು ಅರ್ಥವಾಗೋಕೂ ಬೇಸ್‌ಬಾಲ್ ಗೊತ್ತಿರಬೇಕು.

ಇಂಗ್ಲೆಂಡಿನ ಗ್ರಹಾಂ ನೆಲ್ಸನ್ 1990ರ ದಶಕದಲ್ಲಿ ಆಟಗಾರರ ಹಕ್ಕುಗಳು ಅಂತ ಒಂದು ಪಟ್ಟಿ ಬರೆದರು. ಎಚ್ಚರಿಕೆ ಕೊಡದೆ ಕೊಲ್ಲಬಾರದು, ಸರಿಯಾದ ಕ್ರಿಯಾಪದ ಊಹಿಸುವುದೇ ಆಟ ಆಗಬಾರದು, ಹೀಗೆ. ಅದರಲ್ಲಿ ಒಂದು, ಸುಳಿವು ಅರ್ಥವಾಗಲು ಆಟಗಾರ ಅಮೆರಿಕದವನೇ ಆಗಿರಬೇಕಾಗಿ ಬರಬಾರದು ಅನ್ನುವುದು. ಉದಾಹರಣೆಯಾಗಿ ಅವರು ಕೊಟ್ಟದ್ದು ಜೋರ್ಕ್ 2ರ ಇದೇ ಕೋಣೆಗಳನ್ನು. ಇವರೇ 1993ರಲ್ಲಿ ಇನ್ಫಾರ್ಮ್ ಎಂಬ ಸಾಧನ ಮಾಡಿ, ಝಡ್-ಮಷೀನ್‌ಗೆ ಹೊರಗಿನ ಯಾರು ಬೇಕಾದರೂ ಆಟ ಬರೆಯುವ ದಾರಿ ಮಾಡಿಕೊಟ್ಟವರು. ಹಳೇ ಆಟಗಳನ್ನು ಪ್ರೀತಿಸಿದವರೇ ಅವುಗಳ ತಪ್ಪನ್ನು ಮೊದಲು ಪಟ್ಟಿ ಮಾಡಿದ್ದು. ಟೀಕೆ ಮಾಡುವವರೆಲ್ಲ ಹೊಸಬರು, ಹೊಗಳುವವರೆಲ್ಲ ಹಳಬರು ಅಂತ ಸುಮ್ನೆ ಗೆರೆ ಎಳೆಯೋಕೆ ಆಗುವುದಿಲ್ಲ.

ಶಿಲಾಯುಗಕ್ಕೆ ಹೋಗುವ ಎರಡು ಆಟಗಳು

ಕಾಲಯಾನದ ಆಟಗಳಲ್ಲಿ ಈ ಸಮಸ್ಯೆ ಇನ್ನೂ ಗಟ್ಟಿಯಾಗಿ ಕಾಣುತ್ತದೆ. 1982ರಲ್ಲಿ ಸಿಯೆರಾ ಆನ್‌ಲೈನ್ ಕಂಪನಿ ಟೈಮ್ ಝೋನ್ ಎಂಬ ಆಟ ತಂದಿತು. ಮಾಡಿದವರು ರಾಬರ್ಟಾ ವಿಲಿಯಮ್ಸ್. ಮನೆಯ ಹಿತ್ತಲಲ್ಲಿ ಒಂದು ಕಾಲಯಂತ್ರ ಸಿಗುತ್ತದೆ. ಅದರಲ್ಲಿ ಕೂತು 40 ಕೋಟಿ ವರ್ಷ ಹಿಂದಿನ ಭೂಮಿಯಿಂದ ಹಿಡಿದು 4082ನೇ ಇಸವಿಯವರೆಗೆ, ಏಳೂ ಖಂಡಗಳಲ್ಲಿ ಓಡಾಡಬೇಕು. ಕೊನೆಗೆ ನೆಬುರಾನ್ ಎಂಬ ಗ್ರಹದ ದುಷ್ಟ ದೊರೆ ರಾಮಾಡುವನ್ನು ಸೋಲಿಸಬೇಕು. ಇದು ಪೂರ್ತಿ ಟೆಕ್ಸ್ಟ್ ಅಲ್ಲ, ಪ್ರತಿ ಜಾಗಕ್ಕೂ ಒಂದು ಚಿತ್ರ ಇತ್ತು. ಆದರೆ ಆಡುವುದು ಟೈಪ್ ಮಾಡಿಯೇ. ಡಿಸ್ಕ್‌ಗಳ ಎರಡೂ ಬದಿ ಸೇರಿ ಹನ್ನೆರಡು ಬದಿ ತುಂಬುವಷ್ಟು ದೊಡ್ಡ ಆಟ. ಬೆಲೆ ಆ ಕಾಲಕ್ಕೆ ಸುಮಾರು 100 ಡಾಲರ್.

ಕೇಳೋಕೆ ಅದ್ಭುತ ಅಲ್ವಾ? ಆಡಿದವರ ದೂರು ಬೇರೆ. ಸಾವಿರಕ್ಕೂ ಜಾಸ್ತಿ ಚಿತ್ರಗಳು, ಆದರೆ ಬಹಳಷ್ಟು ಜಾಗಗಳಲ್ಲಿ ಮಾಡೋಕೆ ಏನೂ ಇಲ್ಲ.  ಡಿಸ್ಕ್ ಜಾಗದ ಬಹುಪಾಲನ್ನು ಚಿತ್ರಗಳೇ ತಿಂದವು. ಆಟಕ್ಕೆ ಅರ್ಥವಾಗುತ್ತಿದ್ದದ್ದು ಎರಡು ಪದದ ಆಜ್ಞೆ ಮಾತ್ರ: ಒಂದು ಕ್ರಿಯೆ, ಒಂದು ವಸ್ತು. ಇತ್ತ ಚಿತ್ರವೇ ಇಲ್ಲದ ಜೋರ್ಕ್ ಅದೇ ಪುಟ್ಟ ಕಂಪ್ಯೂಟರ್‌ನಲ್ಲಿ "ಕತ್ತಿಯಿಂದ ಟ್ರೋಲ್‌ನನ್ನು ಕೊಲ್ಲು" ಎಂಬಂಥ ಪೂರ್ತಿ ವಾಕ್ಯವನ್ನು ಅರ್ಥ ಮಾಡಿಕೊಳ್ಳುತ್ತಿತ್ತು. ಟೈಮ್ ಝೋನ್‌ನಲ್ಲಿ ಲೋಕ ದೊಡ್ಡದಾಯಿತು, ಆ ಲೋಕದ ಜೊತೆ ಮಾತಾಡುವ ಬಾಯಿ ಚಿಕ್ಕದಾಯಿತು.

ಹದಿನೈದು ವರ್ಷ ಬಿಟ್ಟು 1997ರಲ್ಲಿ ಬಂದದ್ದು ದಿ ಎಡಿಫಿಸ್. ಬರೆದವರು ಲೂಸಿಯನ್ ಸ್ಮಿತ್. ಚಿತ್ರ ಇಲ್ಲ, ಚಿಕ್ಕ ಆಟ, ಪುಕ್ಕಟೆ. ಇಲ್ಲಿ ನೀವು ಭವಿಷ್ಯದಿಂದ ಹೋದವರಲ್ಲ, ಆದಿಮಾನವನೇ ನೀವು. ಕಾಡಿನ ನಡುವೆ ಒಂದು ವಿಚಿತ್ರ ಕಟ್ಟಡ ಎದ್ದು ನಿಲ್ಲುತ್ತದೆ. ಅದರ ಮಹಡಿ ಹತ್ತುತ್ತಾ ಹೋದ ಹಾಗೆ ಮನುಷ್ಯಕುಲದ ಒಂದೊಂದು ಹಂತ ದಾಟುತ್ತೀರಿ. ಒಂದು ಹಂತದಲ್ಲಿ ಮಗನಿಗೆ ಜ್ವರ. ಔಷಧಿ ಎಲೆಯ ವಿಷಯ ಗೊತ್ತಿರುವವನು ಬೇರೆ ಕಡೆಯ ಅಪರಿಚಿತ. ಅವನ ಭಾಷೆ ನಿಮಗೆ ಒಂದಕ್ಷರ ಬಾರದು. ಒಂದು ವಸ್ತುವನ್ನು ತೋರಿಸಿ ಅವನು ಏನಂತಾನೆ ಅಂತ ಕೇಳಬೇಕು, ಇನ್ನೊಂದನ್ನು ತೋರಿಸಬೇಕು, ಅವನ ಪದವನ್ನೇ ಅವನಿಗೆ ಹೇಳಿ ನೋಡಬೇಕು, ಹೌದು ಇಲ್ಲಗಳನ್ನು ಗುರುತಿಸಬೇಕು. ನಿಧಾನಕ್ಕೆ ಭಾಷೆ ಬಿಚ್ಚಿಕೊಳ್ಳುತ್ತದೆ. ಆ ವರ್ಷ ಟೆಕ್ಸ್ಟ್ ಗೇಮ್‌ಗಳ ವಾರ್ಷಿಕ ಸ್ಪರ್ಧೆ ಐಎಫ್ ಕಾಂಪ್‌ನಲ್ಲಿ ಮೊದಲ ಸ್ಥಾನ ಈ ಆಟಕ್ಕೇ ಬಂತು. ಭಾಷೆ ಕಲಿಯುವ ಈ ಒಗಟಿಗೆ, ಟೆಕ್ಸ್ಟ್ ಗೇಮ್‌ಗಳಿಗೆಂದೇ ಇರುವ ಝಿಝಿ (XYZZY) ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಒಗಟು ಎಂಬ ಬಹುಮಾನ ಸಿಕ್ಕಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಾತ್ರದಲ್ಲಿ, ದುಡ್ಡಿನಲ್ಲಿ, ಚಿತ್ರದಲ್ಲಿ ಟೈಮ್ ಝೋನ್ ಎಷ್ಟೋ ಮುಂದೆ. ಆದರೆ ಎಡಿಫಿಸ್‌ನ ಒಗಟು ಬಿಡಿಸೋಕೆ ಹೊರಗಿನ ಯಾವ ತಿಳುವಳಿಕೆಯೂ ಬೇಡ, ಬೇಸ್‌ಬಾಲ್ ಬೇಡ, ಇತಿಹಾಸದ ಪುಸ್ತಕ ಬೇಡ. ಬೇಕಾದದ್ದೆಲ್ಲ ಆಟದ ಒಳಗೇ ಇದೆ. ಪದ ಸಿಗದೆ ಪರದಾಡುವುದು ಉಳಿದ ಆಟಗಳಲ್ಲಿ ದೋಷ. ಎಡಿಫಿಸ್ ಆ ಪರದಾಟವನ್ನೇ ಕಥೆ ಮಾಡಿಬಿಟ್ಟಿತು, ಏಕೆಂದರೆ ಅಲ್ಲಿ ನಿಮಗೂ ಮಾತು ಬರುವುದಿಲ್ಲ, ಆ ಆದಿಮಾನವನಿಗೂ ಬರುವುದಿಲ್ಲ. ಶಿಲಾಯುಗದ ಆಟ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆವತ್ತು ಕಷ್ಟವೇ ಬೇಕಿತ್ತು

ಹಾಗಾದರೆ ಹಳಬರು ಜೋರ್ಕ್ ಅನ್ನು ಹೊಗಳೋದು ಬರೀ ನೆನಪಿನ ಮೋಹವಾ? ಪೂರ್ತಿ ಹಾಗಲ್ಲ, ದುಡ್ಡಿನ ಲೆಕ್ಕವೂ ಇದೆ. 1980ರ ದಶಕದಲ್ಲಿ ಒಂದು ಆಟಕ್ಕೆ ಕೈ ತುಂಬ ದುಡ್ಡು ಕೊಟ್ಟವರು ಅದನ್ನು ತಿಂಗಳುಗಟ್ಟಲೆ ಆಡಬೇಕು ಅಂದುಕೊಳ್ಳುತ್ತಿದ್ದರು. ಎರಡು ದಿನದಲ್ಲಿ ಮುಗಿದರೆ ಮೋಸ ಅನ್ನಿಸುತ್ತಿತ್ತು. ಹಾಗಾಗಿ ದೀಪದ ಬ್ಯಾಟರಿ ಮುಗಿಯುವುದು, ಕಳ್ಳ ಬಂದು ವಸ್ತು ಕದಿಯುವುದು, ಎಲ್ಲೋ ಮೊದಲೇ ಮಾಡಿದ ತಪ್ಪಿಗೆ ಕೊನೆಯಲ್ಲಿ ಗೆಲ್ಲಲಾಗದೆ ಹೋಗುವುದು, ಇವೆಲ್ಲ ಆಟವನ್ನು ಉದ್ದ ಮಾಡುತ್ತಿದ್ದವು. ಸಿಕ್ಕಿಹಾಕಿಕೊಂಡವರಿಗೆ ಇನ್ಫೋಕಾಮ್ ಇನ್ವಿಸಿಕ್ಲೂಸ್ ಎಂಬ ಸುಳಿವಿನ ಪುಸ್ತಕಗಳನ್ನೂ ಮಾರುತ್ತಿತ್ತು. ಉತ್ತರಗಳು ಕಾಣದ ಶಾಯಿಯಲ್ಲಿ ಅಚ್ಚಾಗಿರುತ್ತಿದ್ದವು. ಜೊತೆಗೆ ಬರುವ ಪೆನ್ನಿನಿಂದ ಉಜ್ಜಿದರೆ ಒಂದೊಂದೇ ಸಾಲು ಮೂಡುತ್ತಿತ್ತು, ಮೊದಲು ಸಣ್ಣ ಸುಳಿವು, ಆಮೇಲೆ ದೊಡ್ಡದು, ಕೊನೆಗೆ ಪೂರ್ತಿ ಉತ್ತರ.

ಇವತ್ತು ಅದೇ ಆಟ ಪುಕ್ಕಟೆ. ಕೈಯಲ್ಲಿ ಇನ್ನೂ ನೂರು ಆಟಗಳಿವೆ. ದುಡ್ಡು ಹೋಗಲಿಲ್ಲ, ಆದ್ದರಿಂದ ಹಠ ಹಿಡಿದು ಕೂರುವ ಕಾರಣವೂ ಹೋಯಿತು. ಆವತ್ತು ಬೆಲೆಗೆ ತಕ್ಕ ಮಾಲು ಅನ್ನಿಸಿದ್ದು ಇವತ್ತು ಸಮಯ ಹಾಳು ಅನ್ನಿಸುತ್ತದೆ. ಇಬ್ಬರ ಅನುಭವವೂ ನಿಜ.

ಸ್ಟಾರ್ ನೋಡಿ ಮೋಸ ಹೋಗಬೇಡಿ

ಅಭಿಪ್ರಾಯವನ್ನು ಅಳೆಯುವ ಕ್ರಮವೂ ಅಭಿಪ್ರಾಯವನ್ನು ಬದಲಿಸುತ್ತದೆ. ಐಎಫ್ ಕಾಂಪ್ 1995ರಿಂದ ನಡೆಯುತ್ತಿದೆ, ಅಂಕ ಕೊಡುವವರು ಸಾಮಾನ್ಯ ಆಟಗಾರರೇ. 1ರಿಂದ 10ರವರೆಗೆ ಅಂಕ. ನಿಯಮ ಏನೆಂದರೆ ಮೊದಲ ಎರಡು ಗಂಟೆ ಆಡಿದ್ದರ ಮೇಲೆ ಮಾತ್ರ ಅಂಕ ಕೊಡಬೇಕು. ಇದರಿಂದ ಏನಾಗುತ್ತದೆ ಅಂದರೆ ಚಿಕ್ಕದಾಗಿ, ಚೊಕ್ಕವಾಗಿ, ಬೇಗ ಕೈ ಹಿಡಿಯುವ ಆಟಗಳಿಗೆ ಅನುಕೂಲ. ಟೈಮ್ ಝೋನ್‌ನಂಥದ್ದು ಎರಡು ಗಂಟೆಯಲ್ಲಿ ಸರಿಯಾಗಿ ಶುರು ಕೂಡ ಆಗಿರೋದಿಲ್ಲ.

ಈ ಆಟಗಳ ಮಾಹಿತಿಕೋಶ ಐಎಫ್‌ಡಿಬಿ 2007ರಿಂದ ಇದೆ. ಅಲ್ಲಿ ಐದು ಸ್ಟಾರ್ ಲೆಕ್ಕ, ಸಮಯದ ಮಿತಿ ಇಲ್ಲ. ಆದರೆ ಹಳೇ ಆಟವೊಂದಕ್ಕೆ ಅಲ್ಲಿ ಹೋಗಿ ಸ್ಟಾರ್ ಕೊಡುವವರು ಯಾರು? ಹೆಚ್ಚಾಗಿ ಅದನ್ನು ಮುಗಿಸಿದವರು, ಅಥವಾ ಚಿಕ್ಕಂದಿನಲ್ಲಿ ಆಡಿ ಇಷ್ಟಪಟ್ಟವರು. ಹತ್ತು ನಿಮಿಷಕ್ಕೆ ಎದ್ದು ಹೋದವರು ವಿಮರ್ಶೆ ಬರೆಯೋಕೆ ಕೂರುವುದಿಲ್ಲ. ಹಾಗಾಗಿ ಹಳೇ ಆಟಕ್ಕೆ ನಾಲ್ಕು ಸ್ಟಾರ್ ಕಂಡರೆ, ಉಳಿದು ಆಡಿದವರಿಗೆ ಅದು ಇಷ್ಟವಾಯಿತು ಅಂತ ಮಾತ್ರ ಅರ್ಥ. ಹೊಸಬರಿಗೆ ಇಷ್ಟವಾಗುತ್ತದೆ ಅಂತ ಅದರಿಂದ ಹೇಳೋಕಾಗದು.

ಕೋಡ್ ತೆರೆದದ್ದಕ್ಕೆ ಪರ, ವಿರೋಧ

ಹಳೆಯದನ್ನು ಕಾಪಾಡುವವರ ಮಾತು ನೇರ. ಲೈಸೆನ್ಸ್ ಇಲ್ಲದ ಕೋಡ್ ಯಾವತ್ತಾದರೂ ಮಾಯವಾಗಬಹುದು. ಈಗ ಯಾವ ಕಾಲೇಜಿನಲ್ಲಾದರೂ ಧೈರ್ಯವಾಗಿ ಪಾಠ ಮಾಡಬಹುದು. ಜೋರ್ಕ್ ಬರೆಯಲು ಬಳಸಿದ ಝಿಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಝಿಲ್ಫ್ ಎಂಬ ಹೊಸ ಕಂಪೈಲರ್ ಇದೆ. ಅದರಿಂದ ಹಳೇ ಕೋಡ್ ಇವತ್ತಿಗೂ ಓಡುವ ಆಟವಾಗುತ್ತದೆ. ಬೇಸ್‌ಬಾಲ್ ಕೋಣೆ ಇಷ್ಟವಿಲ್ಲವಾ? ತೆಗೆದು ಬೇರೆ ಒಗಟು ಹಾಕಿ, ಹಂಚಿ. ಗೊತ್ತಿಲ್ಲ ಅನ್ನುವ ಜಾಗದಲ್ಲಿ ಹೊಸ ಪದ ಸೇರಿಸಿ. ಇಷ್ಟು ದಿನ ಬರೀ ದೂರು ಹೇಳಿಕೊಂಡು ಬಂದಿದ್ದನ್ನು ಮೊದಲ ಬಾರಿಗೆ ಕಾನೂನುಬದ್ಧವಾಗಿ ತಿದ್ದಬಹುದು. ಈ ಬಿಡುಗಡೆಯ ತೂಕ ಇರೋದು ಇಲ್ಲೇ.

ಇನ್ನೊಂದು ಕಡೆಯವರ ವಾದವನ್ನೂ ತಳ್ಳಿಹಾಕೋಕೆ ಆಗದು. ಇನ್ಫೋಕಾಮ್ ಮಾಡಿದ್ದು ಮೂವತ್ತಕ್ಕೂ ಹೆಚ್ಚು ಆಟ, ಲೈಸೆನ್ಸ್ ಸಿಕ್ಕಿದ್ದು ಮೂರಕ್ಕೆ. ಕಾಲದಲ್ಲಿ ಹಿಂದೆ ಹೋಗಿ 1945ರ ಮೊದಲ ಅಣುಬಾಂಬ್ ಪರೀಕ್ಷೆಯ ಜಾಗಕ್ಕೆ ಮುಟ್ಟುವ ಟ್ರಿನಿಟಿಯಂಥ 1986ರ ಆಟ ಈ ಪಟ್ಟಿಯಲ್ಲಿ ಇಲ್ಲ. ಹವ್ಯಾಸಿಗಳು ಮೂವತ್ತು ವರ್ಷದಿಂದ ಇನ್ಫಾರ್ಮ್‌ನಂಥ ಉತ್ತಮ ಸಾಧನಗಳನ್ನು ತಾವೇ ಮಾಡಿಕೊಂಡು ಸಾವಿರಾರು ಆಟ ಬರೆದಿದ್ದಾರೆ. ಅವರಿಗೆ ಝಿಲ್ ಕೋಡ್ ಕಲಿಯೋಕೆ ಚೆನ್ನ, ಹೊಸ ಆಟ ಕಟ್ಟೋಕೆ ಅಷ್ಟೇನೂ ಬೇಕಿಲ್ಲ.

ಎಐ ಬಂದರೆ ಸರಿಹೋಗುತ್ತಾ?

ಪಾರ್ಸರ್‌ಗೆ ಮಾತು ಗೊತ್ತಾಗೋದಿಲ್ಲ ಅನ್ನೋದೇ ಸಮಸ್ಯೆಯಾದರೆ ಎಐ ತಂದು ಕೂರಿಸಿದರಾಯಿತು ಅನ್ನುವವರಿದ್ದಾರೆ. ಅದನ್ನು ಮಾಡಿ ನೋಡಿದ್ದೂ ಆಗಿದೆ. 2019ರ ಕೊನೆಯಲ್ಲಿ ಜಿಪಿಟಿ-2 ಎಂಬ ಬರಹ ಹುಟ್ಟಿಸುವ ಎಐ ಮೇಲೆ ಕಟ್ಟಿದ ಎಐ ಡಂಜನ್ ಎಂಬ ಆಟ ಬಂತು. ಏನು ಬರೆದರೂ ಅದು ಕಥೆ ಮುಂದುವರಿಸುತ್ತಿತ್ತು, ಗೊತ್ತಿಲ್ಲ ಅನ್ನುತ್ತಲೇ ಇರಲಿಲ್ಲ. ಆಟಗಾರರು ಬೆರಗಾದರು, ಸ್ವಲ್ಪ ಹೊತ್ತಿಗೆ ಹೊಸ ದೂರು ಶುರುವಾಯಿತು. ಈಗಷ್ಟೇ ಸತ್ತವನು ಎದ್ದು ಬರುತ್ತಾನೆ, ಕೈಯಲ್ಲಿದ್ದ ಕತ್ತಿ ಮರೆತುಹೋಗುತ್ತದೆ.

ಕಾರಣ ಸರಳ. ಜೋರ್ಕ್ ಒಳಗೆ ಪ್ರತಿ ವಸ್ತುವಿಗೂ ಒಂದು ಲೆಕ್ಕ ಇದೆ: ಕತ್ತಿ ಎಲ್ಲಿದೆ, ಪೆಟ್ಟಿಗೆ ತೆರೆದಿದೆಯಾ, ದೀಪದಲ್ಲಿ ಎಷ್ಟು ಉಳಿದಿದೆ. ಎಐ ಡಂಜನ್ ಒಳಗೆ ಆ ಲೆಕ್ಕ ಇರಲಿಲ್ಲ, ಇದ್ದದ್ದು ಈವರೆಗಿನ ಬರಹ ಮಾತ್ರ, ಅದೂ ಇತ್ತೀಚಿನ ಸ್ವಲ್ಪ. ಒಂದರಲ್ಲಿ ಲೋಕ ಗಟ್ಟಿ, ಕಿವಿ ಮಂದ. ಇನ್ನೊಂದರಲ್ಲಿ ಕಿವಿ ಚುರುಕು, ಲೋಕವೇ ಇಲ್ಲ. ಒಗಟು ಬಿಡಿಸಿದ ಖುಷಿ ಬರೋದು ಲೋಕ ಗಟ್ಟಿಯಾಗಿದ್ದರೆ ಮಾತ್ರ.

ಎರಡನ್ನೂ ಸೇರಿಸುವ ದಾರಿ ಇದೆ. ಲೋಕದ ಲೆಕ್ಕ ಹಳೇ ಕೋಡ್ ಇಟ್ಟುಕೊಳ್ಳಲಿ, ಆಟಗಾರ ಬರೆದದ್ದನ್ನು ಆ ಕೋಡ್‌ಗೆ ಅರ್ಥವಾಗುವ ಆಜ್ಞೆಯಾಗಿ ಎಐ ತಿರುಗಿಸಿ ಕೊಡಲಿ. ಕೋಡ್ ತೆರೆದಿರುವುದರಿಂದ ಇಂಥ ಪ್ರಯೋಗಕ್ಕೆ ಈಗ ಅಡ್ಡಿಯಿಲ್ಲ. ಆದರೆ ಒಂದು ಅಪಾಯ ಇದೆ. ನೀವು "ಏನಾದರೂ ಮಾಡಿ ಬೆಂಕಿ ಹೊತ್ತಿಸು" ಅಂದರೆ, ಸಹಾಯ ಮಾಡುವ ಉತ್ಸಾಹದಲ್ಲಿ ಅದು ಚಕಮಕಿ ಕಲ್ಲನ್ನು ತಾನೇ ಎತ್ತಿಕೊಂಡು ಉಜ್ಜಿಬಿಟ್ಟರೆ ಒಗಟು ಅಲ್ಲಿಗೆ ಮುಗಿಯಿತು.

ಕನ್ನಡದಲ್ಲಿ ಆಡುವ ಹಾಗಾದರೆ

ಇಂಗ್ಲಿಷ್ ಪಾರ್ಸರ್ ಸಾಲಿನ ಮೊದಲ ಪದವನ್ನು ಕ್ರಿಯೆ ಅಂದುಕೊಳ್ಳುತ್ತದೆ. ಕನ್ನಡದಲ್ಲಿ ಕ್ರಿಯೆ ಕೊನೆಗೆ. "ಕಲ್ಲಿನಿಂದ ತೆಂಗಿನಕಾಯಿ ಒಡಿ" ಅಂದರೆ ಯಾವುದರಿಂದ ಎಂಬುದು ಪದದ ಬಾಲದಲ್ಲಿದೆ, ಬೇರೆ ಪದವಾಗಿ ಇಲ್ಲ. ಜೋರ್ಕ್ 1ರ ಕಾಲದ ಝಡ್-ಮಷೀನ್ ಜಾಗ ಉಳಿಸೋಕೆ ಪ್ರತಿ ಪದದ ಮೊದಲ ಆರು ಅಕ್ಷರ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಇದೇ ನಿಯಮವನ್ನು ಕನ್ನಡದ ಯೂನಿಕೋಡ್‌ಗೆ ಹಾಕಿ ನೋಡಿ. ಅಲ್ಲಿ ಗುಣಿತದ ಚಿಹ್ನೆ, ಸೊನ್ನೆ ಕೂಡ ಒಂದೊಂದು ಅಕ್ಷರವೇ. ತೆಂಗಿನಕಾಯಿಯನ್ನು, ತೆಂಗಿನಕಾಯಿಯಿಂದ, ತೆಂಗಿನಮರ, ಮೂರೂ "ತೆಂಗಿನ" ಎಂಬಲ್ಲೇ ತುಂಡಾಗುತ್ತವೆ. ಆಟಕ್ಕೆ ಮೂರೂ ಒಂದೇ.

ಹಾಗಾಗಿ ಜೋರ್ಕ್ ಕೋಡ್ ಅನ್ನು ಹಾಗೇ ಎತ್ತಿ ಕನ್ನಡಕ್ಕೆ ತರುತ್ತೇವೆ ಅನ್ನೋದು ಆಗದ ಮಾತು. ಆದರೆ ಯೂನಿಕೋಡ್ ಹಿಡಿಯುವ ಗ್ಲಲ್ಕ್ಸ್ ಎಂಬ ಹೊಸ ಯಂತ್ರ ಇದೆ, ಅದಕ್ಕೆ ಆಟ ಬರೆಯುವ ಇನ್ಫಾರ್ಮ್ 7ರ ಕೋಡ್ 2022ರಲ್ಲೇ ತೆರೆದಿದೆ, ಆಟ ಬ್ರೌಸರ್‌ನಲ್ಲಿ ಓಡುವುದರಿಂದ ಕನ್ನಡ ಅಕ್ಷರ ಒಡೆಯುವ ಭಯವೂ ಕಡಿಮೆ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ನವರು ತಮ್ಮ ಭಾಷೆಗೆ ಬೇಕಾದ ಭಾಗ ಬರೆದುಕೊಂಡಿದ್ದಾರೆ. ಕನ್ನಡಕ್ಕೆ ವಿಭಕ್ತಿ ಬಿಡಿಸುವ ಭಾಗವನ್ನು ಹೊಸದಾಗಿ ಬರೆಯಬೇಕು.

ಕಥೆಗೆ ದೂರ ಹೋಗಬೇಕಿಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು ಬೆಟ್ಟಗಳಲ್ಲಿ ಸುಮಾರು 4,000 ವರ್ಷ ಹಿಂದೆ ಜನ ಡೋಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಚೂರು ಹಾರಿಸಿ ಆಕಾರ ಕೊಟ್ಟು, ಬಂಡೆಯ ಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಕುಪ್ಗಲ್ ಬೆಟ್ಟದ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ. ಕುಡತಿನಿಯಲ್ಲಿ ಸಗಣಿ ಸುಟ್ಟು ಆದ ಬೂದಿದಿಬ್ಬ ಇದೆ. ಈ ಮೂರರಿಂದಲೇ ಒಂದು ಇಡೀ ಆಟ ಕಟ್ಟಬಹುದು. ಆದರೆ ಬೇಸ್‌ಬಾಲ್ ಕೋಣೆಯ ತಪ್ಪು ಇಲ್ಲೂ ಆಗಬಾರದು. ಬಂಡೆ ಸದ್ದು ಮಾಡುತ್ತದೆ ಅನ್ನೋದು ಬಳ್ಳಾರಿಯವರಿಗೆ ಗೊತ್ತಿರಬಹುದು, ಕಾರವಾರದವರಿಗೆ, ದುಬೈನಲ್ಲಿ ಕೂತ ಕನ್ನಡಿಗರಿಗೆ ಆಟವೇ ಅದನ್ನು ಕೇಳಿಸಬೇಕು.

ಪದಗಳ ವಿಷಯಕ್ಕೂ ಇದೇ ಎಚ್ಚರ ಬೇಕು. ಒಬ್ಬರು "ತಗೋ" ಅಂತ ಬರೆಯುತ್ತಾರೆ, ಧಾರವಾಡದವರು "ತೊಗೊ", ಮತ್ತೊಬ್ಬರು "ಎತ್ಕೋ", ಪುಸ್ತಕದ ಭಾಷೆಯವರು "ತೆಗೆದುಕೋ". ಬರೆಯುವವರು ಮನೆಯಲ್ಲಿ ಕೂತು ಇವನ್ನೆಲ್ಲ ಊಹಿಸೋಕೆ ಆಗುವುದಿಲ್ಲ. ಇಂಥ ಆಟಗಳಲ್ಲಿ "ಸ್ಕ್ರಿಪ್ಟ್" ಎಂಬ ಒಂದು ಆಜ್ಞೆ ಇರುತ್ತದೆ. ಆಟಗಾರ ಟೈಪ್ ಮಾಡಿದ ಪ್ರತಿ ಸಾಲು, ಆಟ ಕೊಟ್ಟ ಪ್ರತಿ ಉತ್ತರ ಒಂದು ಫೈಲ್‌ನಲ್ಲಿ ದಾಖಲಾಗುತ್ತದೆ. ಅನುಭವ ಇರುವ ಬರಹಗಾರರು ಪರೀಕ್ಷೆಗೆ ಕೂರಿಸಿದವರ ಹತ್ತಿರ ಸ್ಟಾರ್ ಕೇಳುವುದಿಲ್ಲ, ಈ ಫೈಲ್ ಕೇಳುತ್ತಾರೆ. ಎಲ್ಲೆಲ್ಲಿ ಆಟ ಗೊತ್ತಿಲ್ಲ ಅಂದಿತು ಎಂಬುದನ್ನು ಸಾಲು ಸಾಲಾಗಿ ಓದಿ, ಆ ಪದಗಳನ್ನು ನಿಘಂಟಿಗೆ ಸೇರಿಸುತ್ತಾರೆ. ಕನ್ನಡದಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿ, ಪ್ರತಿ ಕಡೆಯಿಂದ ಕೆಲವರಾದರೂ ಆಡಿದ ಫೈಲ್‌ಗಳು ಮೊದಲು ಬೇಕಾಗುತ್ತವೆ.